ವಾಘೋಲಿಯ ನಾಯಿಗಳು

ನಿನ್ನ ಹೆಸರು ಹಿಡಿದು ಬೈದದ್ದು ಖರೆ, ಮೈಲಾರ.
ಅದನ್ನ ಮೊದಲ ಒಪ್ಪಿಕೊಂಡುಬಿಡ್ತೀನಿ.

ಆರನೇ ಅಂತಸ್ತಿಗೆ ಸ್ಲ್ಯಾಬ್ ಬಿದ್ದಿತ್ತು, ಗೋಡೆ ಇನ್ನೂ ಎದ್ದಿರಲಿಲ್ಲ.
ಕೆಳಗ ತಗಡಿನ ಖೋಲಿಯೊಳಗ
ಮಗ ಕೆಂಡ ಆಗಿ ಮಲಗಿದ್ದ.
ಅವರಪ್ಪ ಚಾಕಣದ ಸೈಟಿನ್ಯಾಗ;
ಫೋನು ಹಚ್ಚಿದರ ಯಾವಾಕಿಯೋ ಮರಾಠಿಯೊಳಗ
ಅದೇ ಸಮಾಧಾನ ಹೇಳಿ ಹೇಳಿ ಇಟ್ಟುಬಿಡಾಕಿ.

ಬಂದು ಹತ್ತೊಂಬತ್ತು ದಿನ.
ನನಗ ಬರ್ತಿದ್ದ ಮರಾಠಿ ಮೂರ ಮಾತು:
ಪಾಣೀ, ವಾಳೂ, ಉದ್ಯಾ.
ನೀರು, ಉಸುಕು, ನಾಳೆ.
ಮೂರರೊಳಗ ಒಂದೂ ಜ್ವರಕ್ಕ ಹತ್ತೂದಲ್ಲ.

ಮಗನ್ನ ಸೆರಗಿನಾಗ ಕಟ್ಟಿಕೊಂಡು ಎದ್ದೆ.
ಗೇಟಿನಾಚೆ ಕತ್ತಲಿ. ಕತ್ತಲಿಯೊಳಗ ನಾಯಿ.
ಒಂದಲ್ಲ, ಏಳು.
ಎಣಿಸಿದೆ. ಅಂಜಿದವರು ಎಣಿಸ್ತಾರ.

ಆಗ ಬೈದದ್ದು.
ಲೇ ಕಂಬಳಿಯವನ, ಕುದುರಿಯವನ,
ನಮ್ಮಪ್ಪ ನಿನ್ನ ಗೊರವ ಆಗಿ
ಮಂಡಿಯೂರಿ, ಬೊಗಳಿ, ಕೈ ಹಚ್ಚದ,
ದೋಣಿಯೊಳಗಿನ ಹಾಲು ಬಾಳೆಹಣ್ಣು ನಾಯಿ ಹಂಗ ಉಂಡಾನ.
ಆ ಋಣ ನೆಪ್ಪೈತೇನು?
ಇಲ್ಲಿ ಜೆಜೂರಿ ಗುಡ್ಡದ ಮ್ಯಾಲ ಇನ್ನೊಂದು ಸಂಸಾರ ಹೂಡಿ
ಕನ್ನಡ ಮರೆತು ಕುಂತೀಯೇನು?

ನಾಯಿ ಬೊಗಳಲಿಲ್ಲ.
ಪವಾಡ ಅಂತ ನಾ ಹೇಳೂದಿಲ್ಲ;
ವಾಚಮನ್ ಹಾಕಿದ ತಂಗಳ ತಿಂದು
ಹೊಟ್ಟಿ ತುಂಬಿತ್ತೋ ಏನೋ.
ಆದರ ಅಡ್ಡ ನಿಂತವು ಬದಿಗೆ ಸರಿದವು,
ಸರಿದವು ಬೆನ್ನ ಹಿಂದ ಬಂದವು.
ಹಾದ್ಯಾಗ ಒಬ್ಬ ಬೈಕು ತರುಬಿ
ಸೆರೆ ವಾಸನೆಯೊಳಗ "ಕುಠೇ?" ಅಂದ ನೋಡು,
ಆಗ ಬೊಗಳಿದವು,
ಏಳಕ್ಕ ಏಳೂ, ನಮ್ಮಪ್ಪನ ದನಿಯೊಳಗ.

ಡಾಂಬರು ರಸ್ತೆ. ಲಾರಿ. ಲಾರಿ.
ಭಾಳ ಹೊತ್ತಿನ ಮ್ಯಾಲ ಒಂದು ರಿಕ್ಷಾ.
ಅವ ಏನೋ ಕೇಳಿದ. ನಾ ಮಗನ ಹಣಿ ತೋರಿಸಿದೆ.
ಮುಂದಿನ ಗಾಜಿನ ಬುಡಕ್ಕ
ಭಂಡಾರ ಬಡಿದ ಗೇಣು ಕುದುರಿ, ಮ್ಯಾಲ ನೀನು.
ನನ್ನ ಕೇಳದ ಬಾಯಿಗೆ ಬಂತು:
ಏಳುಕೋಟಿ...
ಅವ ಹೊರಳಿ ನೋಡಿದ.
ಯೆಳಕೋಟ, ಅಂದ.
ಅದು ನಮ್ಮ ಮಾತು, ನಮ್ಮ ಎಣಿಕಿ
ಅಂತ ಹೇಳಾಕ ನನಗ ಮರಾಠಿ ಇರಲಿಲ್ಲ.

ಮೀಟರ್ ಹಾಕಿದ. ಅದನ್ನೂ ಬರಕೋ.
ನೂರಾ ನಾಲ್ವತ್ತು ಆತು. ಗಂಟು ಬಿಚ್ಚಿ ಕೊಟ್ಟೆ.
ನೂರು ಕಿಸೆಯೊಳಗ ಇಳಿಸಿ
ನಾಲ್ವತ್ತು ಮಗನ ಸುಡೋ ಮುಷ್ಟಿಯೊಳಗ ಮಡಚಿಟ್ಟ.

ದವಾಖಾನಿಯೊಳಗ ಎಲ್ಲಾರೂ ಒಮ್ಮೆಲೆ ಒದರೋರು.
ಸಿಸ್ಟರಬಾಯಿ ಕೈ ಎತ್ತಿದಳು.
ಕಾರಣಿಕದವ ಬಿಲ್ಲು ಏರಿ "ಸದ್ದಲೇ" ಅಂದರ
ನೆಲಾನೂ ಉಸಿರು ಹಿಡೀತೈತಲ್ಲ, ಹಂಗ ಆತು.
ಗಾಜಿನ ಕಡ್ಡಿ ಬೆಳಕಿಗೆ ಹಿಡಿದು
ಒಂದ ಮಾತು ನುಡಿದಳು:
"ಏಕಶೇ ಚಾರ್."
ತಿಳೀಲಿಲ್ಲ.
ಕಾರಣಿಕ ಯಾವಾಗ ಕೇಳಿದ ಕೂಡಲೆ ತಿಳಿದೈತಿ?
ಸೂಜಿ, ಬಾಟಲಿ, ತಣ್ಣೀರ ಬಟ್ಟಿ.
ಎರಡು ರಾತ್ರಿ ಹನಿ ಎಣಿಸಿದೆ.
ಮೂರನೇ ಮುಂಜಾನೆ ಮಗ ಬಿಸ್ಕೀಟು ಕೇಳಿದ.

ಯಾರು ಉಳಿಸಿದರು ಅಂತ ನಾ ವಾದಕ್ಕ ಬರೂದಿಲ್ಲ.
ಬೈದದ್ದು ಹೊಟ್ಟಿಯೊಳಗ ಹಾಕ್ಕೋ, ಮುಗೀತು.

ಈಗ ದಿನಾ ಏಳು ರೊಟ್ಟಿ ಹೆಚ್ಚಿಗೆ ಬಡೀತೀನಿ.
ಆರ ನಾಯಿ ಬರ್ತಾವು.
ಕಟ್ಟಡದ ಸುತ್ತ, ಉಸುಕಿನ ಗುಡ್ಡಿ ಹಿಂದ, ಎಲ್ಲಾ ಹುಡುಕೀನಿ;
ಇರೂವ ಆರು.
ಕತ್ತಲಿಯೊಳಗ ತಪ್ಪಿ ಎಣಿಸಿರಬೇಕು.

ಏಳನೇ ರೊಟ್ಟಿ
ಅವುಗಳ ನಡುವ ಕುಂತು
ನಾನ ತಿಂತೀನಿ.