ಗಾಲಿಯಿಲ್ಲದ ಬಸ್ಸು

ಏಳೂಕಾಲಿಗೆ ಹೊರಡುತ್ತೇವೆ. ಬಸ್ಸು ಎಂದರೆ ನಾವೇ:
ಮುಂದೆ ನಾನು, ನಡುವೆ ಇಪ್ಪತ್ತಾರು ಮಕ್ಕಳು,
ಹಿಂದೆ ಮಂಡಿನೋವಿನ ಡೆಲೀನ್, ಬಾಯಲ್ಲಿ ಸೀಟಿ.
ಕಿತ್ತಳೆ ಬಣ್ಣದ ಜಾಕೀಟು ಗುಂಡು ತಡೆಯುವುದಿಲ್ಲ,
ದೂರದಿಂದ ಕಾಣಿಸುತ್ತದೆ, ಅಷ್ಟೆ.
ಕಾಣಿಸುವುದೇ ನಮ್ಮ ಕೆಲಸ.

ಕೇಪ್ ಫ್ಲ್ಯಾಟ್ಸ್‌ನ ಮರಳು ನೆಲ. ಇಲ್ಲಿಂದ ನೋಡಿದರೆ
ಟೇಬಲ್ ಪರ್ವತ ಬೆನ್ನು ತಿರುಗಿಸಿ ಕೂತಂತೆ.
ಆಗ್ನೇಯದ ಗಾಳಿ ಮಕ್ಕಳ ಟೋಪಿ ಹಾರಿಸಿಕೊಂಡು
ಆ ಕಡೆಯವರ ರಸ್ತೆಗೆ ಒಯ್ಯುತ್ತದೆ.
ಗಾಳಿಗೆ ಯಾರ ಹೆದರಿಕೆ?
ಟೋಪಿ ತರಲು ಓಡಿದವನು, ಹೋದ ಚಳಿಗಾಲ...
ಬೇಡ. ಅವನ ತಾಯಿ ಈ ಸಾಲಿನಲ್ಲೇ ಇದ್ದಾಳೆ.

ಶುರುವಾದದ್ದು ಹತ್ತು ನಿಮಿಷದಿಂದ.
ನಲವತ್ತು ವರ್ಷ ಮೀನು ಮಾರಿದ ಬಾಯಿ ನನ್ನದು.
ಸ್ನೂಕ್ ಮೀನಿನ ಬೆಲೆಗೆ ಜಗಳ ಕಾದ ಹಾಗೇ
ಎರಡೂ ಮೂಲೆಯ ಹುಡುಗರ ಹತ್ತಿರ ಚೌಕಾಸಿಗಿಳಿದೆ:
ಬೆಳಿಗ್ಗೆ ಹತ್ತು, ಮಧ್ಯಾಹ್ನ ಹತ್ತು,
ಅಷ್ಟು ಹೊತ್ತು ಕೈ ಜೇಬಿನ ಹೊರಗಿರಲಿ, ಖಾಲಿಯಿರಲಿ.
"ಆಂಟಿ, ಮೊದಲು ಅವರನ್ನು ಕೇಳು" ಎಂದರು ಇವರು.
"ಮೊದಲು ಅವರು" ಎಂದರು ಅವರು.
ಒಂಬತ್ತು ಸಲ ರಸ್ತೆ ದಾಟಿದೆ.
ಚಪ್ಪಲಿ ಕಿತ್ತುಹೋಯಿತು; ಇವರಲ್ಲೊಬ್ಬ ಪಿನ್ನು ಕೊಟ್ಟ.

ಈಗ ಇಪ್ಪತ್ತೆಂಟು ನಿಮಿಷ.
ತಿಂಗಳಿಗೊಮ್ಮೆ ಒಂದು ನಿಮಿಷ ಕೊಸರು ಕೇಳುತ್ತೇನೆ.
ಕೆಲವು ತಿಂಗಳು ಕೊಟ್ಟದ್ದನ್ನೂ ಕಿತ್ತುಕೊಳ್ಳುತ್ತಾರೆ.
ಜೂನ್‌ನಲ್ಲಿ ಪೂರಾ ಸೊನ್ನೆ, ಶಾಲೆಗೆ ಬೀಗ;
ಮೆಟ್ಟಿಲ ಕೆಳಗೆ ಕೂರಿಸಿ ಮಗ್ಗಿ ಹೇಳಿಸಿದೆವು.

ಕಚೇರಿಯವರು ಬಂದು ಕೇಳುತ್ತಾರೆ: ನಿಮ್ಮ ವಿಧಾನವೇನು?
ವಿಧಾನವಂತೆ!
ಮೂಲೆಯಲ್ಲಿ ನಿಂತವನ ಹೆಸರು ಗೊತ್ತಿರಬೇಕು,
ಅವನಜ್ಜಿಯ ಸಕ್ಕರೆ ಕಾಯಿಲೆ ಗೊತ್ತಿರಬೇಕು,
ಎಷ್ಟು ಹೊತ್ತಿನಿಂದ ಹೊಟ್ಟೆ ಖಾಲಿಯೆಂದು
ಮುಖ ನೋಡಿಯೇ ತಿಳಿಯಬೇಕು.
ಅವರು ಬರೆದುಕೊಂಡರು: "ಸ್ಥಳೀಯ ಸಂಪರ್ಕ."

ನಿನ್ನೆ ಆ ಕಡೆಯ ತಶ್ರೀಕ್, ಹದಿನೇಳಿರಬೇಕು,
ಕುತ್ತಿಗೆಗೆ ಹಚ್ಚೆ, ಗಡಿಯಾರ ನೋಡುತ್ತ ನಿಂತಿದ್ದ.
ನಾವು ತಡವಾಗಿದ್ದೆವು. ಪುಟ್ಟ ಇಮಾನ್‌ಳ ಲೇಸು ಬಿಚ್ಚಿತ್ತು,
ಬಗ್ಗಲು ನನ್ನ ಸೊಂಟ ಒಪ್ಪಲಿಲ್ಲ.
ನಿಮಿಷ ಮುಗಿಯಿತು.
ಅವನೇ ಬಂದು ಮಂಡಿಯೂರಿದ,
ಮೊಲದ ಕಿವಿಯಂತೆ ಎರಡು ಕುಣಿಕೆ, ಒಂದು ಗಂಟು,
ಶಿಶುವಿಹಾರದಲ್ಲಿ ಡೆಲೀನ್ ಕಲಿಸಿದ ಹಾಗೇ.
ಅಂಗಿಯೊಳಗೆ ಆ ಉಬ್ಬು ಇದ್ದೇ ಇತ್ತು.
ಎದ್ದವನು ಎದುರು ಗುಂಪಿನ ತಾರಸಿಯತ್ತ
ಕೈಯೆತ್ತಿ ಐದು ಬೆರಳು ತೋರಿಸಿದ.

ಐದು ನಿಮಿಷ. ಕೇಳದೆ ಬಂದ ಕೊಸರು.
ಎಲ್ಲೂ ಬರೆದಿಟ್ಟಿಲ್ಲ;
ಬರೆದರೆ ಸಾಲವಾಗುತ್ತದೆ.
ನಾಳೆ ಮತ್ತೆ ಇಪ್ಪತ್ತೆಂಟರಿಂದಲೇ ಶುರು.