ಮರಳು

ದಾವಣಗೆರೆ, ಬಾಷಾನಗರ. ಭಟ್ಟಿಯಲ್ಲಿ ಅಮ್ಮಿ
ಕಾದ ಮರಳಿಗೆ ಅಕ್ಕಿ ಸುರಿಯುತ್ತಾಳೆ.
ಚಟಪಟ. ಜರಡಿ ಆಡಿಸುತ್ತಾಳೆ ಹಾಲಮ್ಮ:
ಮಂಡಕ್ಕಿ ಮೇಲೆ, ಮರಳು ಮತ್ತೆ ಬಾಣಲೆಗೆ.

ಮೂಟೆಗಳಿಗೆ ಒರಗಿ ನಾನು
ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪಿನಲ್ಲಿ
ಕೂಲಿ ಲೆಕ್ಕದ ಪ್ರೋಗ್ರಾಮು ಬರೆಯುತ್ತಿದ್ದೆ;
ವೈರು ಅಲುಗಿದರೆ ಅಂದಿನ ಕೆಲಸ ಬೂದಿ.
ಚೀಲ ಎಣಿಸಿತು, ಗುಣಿಸಿತು, ಕೂಡಿತು,
ಕೊನೆಗೆ ಪರದೆಯ ಮೇಲೆ ಬಂದದ್ದು
ಸೊನ್ನೆಯೂ ಅಲ್ಲ, ‘ಏನೂ ಇಲ್ಲ’.
ಮೂರು ರಾತ್ರಿ ಹುಡುಕಿದೆ. ಲೆಕ್ಕ ಸರಿಯಿತ್ತು.
ಬಿಟ್ಟುಹೋದದ್ದು ಒಂದೇ ಪದ: ರಿಟರ್ನ್.

ಅರ್ಜಿ ಐವತ್ತೆರಡು. ಉತ್ತರ ನಾಲ್ಕು,
ಮೂರು ಒಂದೇ ಅಚ್ಚಿನವು: ಅನುಭವ ಬೇಕು.
“ಅದು ಎಲ್ಲಿ ಸಿಗುತ್ತಂತೆ,” ಹಾಲಮ್ಮ ಕೇಳಿದಳು,
“ಸೇರಿಗೆ ಎಷ್ಟಂತೆ?”

ನಾಲ್ಕನೆಯದು ಹದಡಿ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲೆ.
ಆರು ಜನ, ಒಂದು ಫ್ಯಾನು.
ಏನು ಕಟ್ಟಿದ್ದೀಯಮ್ಮ, ತೋರಿಸು, ಎಂದರು.
ಗಂಟಲು ಒಣಗಿತ್ತು. ತೆರೆದೆ:
ಹದಿನಾಲ್ಕು ಹೆಂಗಸರ ಹೆಸರು, ಶನಿವಾರಗಳು,
ಹಾಲಮ್ಮನ ಸಾಲಿನಲ್ಲಿ ಕೆಂಪಗೆ ಎಪ್ಪತ್ತು ರೂಪಾಯಿ.
“ಇಲ್ಲೇನೋ ತಪ್ಪಿದೆಯಲ್ಲ?”
ತಪ್ಪಿದೆ ಸರ್. ಪ್ರೋಗ್ರಾಮಿನದಲ್ಲ, ಸಾವ್ಕಾರರದು.
ಕೊಡಬೇಕಾದದ್ದು ಇನ್ನೂ ಕೊಟ್ಟಿಲ್ಲ.
ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ಆಮೇಲೆ ಯಾರೋ ನಕ್ಕರು.

ಸೋಮವಾರದಿಂದ ಬಾ ಅಂದಿದ್ದಾರೆ.
ಸಂಬಳ ಹೇಳಿದೆ. ಅಮ್ಮಿ ಸೆರಗಿನಿಂದ
ಮುಖದ ಮಸಿ ಒರೆಸಿಕೊಂಡಳು, ಮಸಿ ಇನ್ನಷ್ಟು ಹರಡಿತು.
“ಆ ಮೂರು ರಾತ್ರಿ ಏನು ಹುಡುಕ್ತಿದ್ದೆ?” ಹಾಲಮ್ಮನಿಗೆ ಅದೇ.
ರಿಟರ್ನ್, ಅಂದೆ. ಸಿಕ್ಕ ಉತ್ತರ ಒಳಗೇ ಇಟ್ಟುಕೊಳ್ಳದೆ
ಕೇಳಿದವರ ಕೈಗೆ ಕೊಡೋದು.
“ಕನ್ನಡದಲ್ಲಿ ಹೇಳೇ.”
ಯೋಚಿಸಿದೆ. ಮರಳು.
ಅವಳು ಜರಡಿಯ ಕೆಳಗೆ ನೋಡಿದಳು,
ಬಾಣಲೆ ನೋಡಿದಳು, ನನ್ನನ್ನು.
“ಇಲ್ಲೇ ಇತ್ತಲ್ಲೇ.
ಇದಕ್ಕೆ ಮೂರು ರಾತ್ರಿ ಬೇಕಿತ್ತಾ?”