ಕಾರಣ: ಇತರೆ

ಸಲ್ಮಾಬಾದಿನ ಗ್ಯಾರೇಜುಗಳ ಹಿಂದೆ
ನಮ್ಮ ಏಳನೇ ನಂಬರಿನ ಅಂಗಡಿ.
ಅದರ ಬಿಲ್ಲುಗಳು ರಾತ್ರಿ ಹನ್ನೆರಡಕ್ಕೆ
ಮನಾಮದ ನನ್ನ ಮೇಜಿಗೆ ಬಂದು ಬೀಳುತ್ತವೆ,
ಬಲೆ ಕೊಡವಿದಾಗಿನ ಬೂತಾಯಿಯ ಹಾಗೆ.
ಎರಡು ವರ್ಷದ್ದು, ಒಂಬತ್ತು ಲಕ್ಷ.

ಅನ್ನ ಬೆಂದಿತೇ ಎಂದು ನೋಡಲು
ಅಮ್ಮನಿಗೆ ಒಂದಗುಳು ಸಾಕಿತ್ತು.
ನನಗೆ ಒಂಬತ್ತು ಲಕ್ಷವೂ ಬೇಕು,
ಮುಂದಿನ ತಿಂಗಳದ್ದೂ ಬೇಕು.

ಯಾವುದರ ಜೊತೆ ಯಾವುದು ಹೋಗುತ್ತದೆ,
ಇಷ್ಟೇ ನನ್ನ ವಿದ್ಯೆ.
ಬ್ರೆಡ್ಡಿನ ಜೊತೆ ಬೆಣ್ಣೆ ಎಂದರೆ
ಸಂಬಳ ಯಾರು ಕೊಡುತ್ತಾರೆ?
ಅಗೆಯಬೇಕು. ಅಗೆದೆ.
ಒಂದು ಗುರುವಾರ ಮಧ್ಯಾಹ್ನ ಪರದೆಯ ಮೇಲೆ
ನೈಲಾನ್ ಹಗ್ಗವೂ ಹೇರ್ ಡೈಯೂ
ಕೈ ಕೈ ಹಿಡಿದು ನಿಂತವು.

ಹಗ್ಗ ಕೊಂಡವನು ಬಣ್ಣ ಕೊಳ್ಳುವ ಸಾಧ್ಯತೆ
ಉಳಿದವರಿಗಿಂತ ಆರು ಪಟ್ಟು.
ಜೊತೆಗೆ ಎರಡು ಕಿಲೋ ಹಾಲಿನ ಪುಡಿ, ನೋವಿನ ಮುಲಾಮು,
ಮಗುವಿನ ಬೂಟು, ಅಂದಾಜಿನ ಅಳತೆಯದು
(ಅಂದಾಜು ಎಂದು ಬಿಲ್ಲು ಹೇಳುವುದಿಲ್ಲ, ಅದು ನನ್ನ ಸೇರ್ಪಡೆ).

ಊರಿಗೆ ಹೊರಟವರು.
ಪೆಟ್ಟಿಗೆ ಕಟ್ಟಲು ಹಗ್ಗ,
ಇಲ್ಲಿ ನರೆತದ್ದು ಅಲ್ಲಿ ಕಾಣದಿರಲು ಬಣ್ಣ.

ಮಾಲೀಕರ ಮಗಳು ಹನಾನ್ ಸ್ಲೈಡು ನೋಡಿ,
'ಐದನೇ ಸಾಲಿನ ಹಗ್ಗ ಎತ್ತಿ
ಬಣ್ಣದ ಪಕ್ಕ ತೂಗುಹಾಕಿ' ಎಂದರು.
ತೂಗುಹಾಕಿದೆವು.
ಬಣ್ಣ ಶೇಕಡಾ ಇಪ್ಪತ್ತೆರಡು ಏರಿತು.
ನನಗೊಂದು ಕೇಕು ಬಂತು,
ಇನ್ನೂ ಹತ್ತು ಅಂಗಡಿಗಳ ಬಿಲ್ಲೂ ಬಂತು.

ಸ್ಲೈಡಿನಲ್ಲಿ ಇಲ್ಲದ್ದು ಒಂದಿತ್ತು.
ಲೆಕ್ಕಕ್ಕೆ ಮೊದಲು ಸಾಲುಗಳನ್ನು ಮೊರದಲ್ಲಿಟ್ಟು ಆರಿಸುತ್ತೇವೆ:
ಎರಡು ಸಲ ಬಿದ್ದದ್ದು, ತೂಕ ತಪ್ಪಿದ್ದು, ಮರಳಿ ಬಂದದ್ದು.
ಇನ್ನೂರ ಹನ್ನೆರಡು ಬಣ್ಣದ ಪೊಟ್ಟಣ
ಮೊಹರು ಒಡೆಯದೆ ಮರಳಿದ್ದವು.
ಕಾರಣದ ಕಾಲಮ್ಮಿನಲ್ಲಿ: ಇತರೆ.
ಕಲ್ಲು ಎಂದು ಎಸೆದಿದ್ದೆ.

ಅಂಗಡಿ ನೋಡಲು ಹೋದ ದಿನ
ಗಲ್ಲಾದಲ್ಲಿದ್ದ ದಿಲ್‌ಮಾಯಾಳನ್ನು ಕೇಳಿದೆ,
ಇತರೆ ಅಂದರೇನು?
'ಛುಟ್ಟಿ ಕ್ಯಾನ್ಸಲ್' ಅಂದಳು, ಚಿಲ್ಲರೆ ಎಣಿಸುತ್ತಲೇ.
'ಅದಕ್ಕೆ ಕೀ ಇಲ್ಲ ಸಾರ್, ಒಂಬತ್ತು ಒತ್ತುತ್ತೇನೆ.'
ಮತ್ತೆ ಹಗ್ಗ?
'ಹಗ್ಗ ಯಾರೂ ವಾಪಸು ಕೊಡುವುದಿಲ್ಲ.
ಕ್ಯಾಂಪಿನಲ್ಲಿ ಬಟ್ಟೆ ಒಣಹಾಕಬೇಕಲ್ಲ.'

ಹೊರಗೆ ಬಂದೆ. ನಲವತ್ತಾರು ಡಿಗ್ರಿ.
ಎದುರಿನ ಮೂರು ಮಹಡಿಗೂ ನೀಲಿ ಹಗ್ಗ,
ಹಗ್ಗದ ತುಂಬ ಒಂದೇ ಬಣ್ಣದ ಅಂಗಿಗಳು.
ಎಣಿಸತೊಡಗಿದೆ. ಚಟ.
ಎಪ್ಪತ್ತರ ಹತ್ತಿರ ಬೆವರು ಕಣ್ಣಿಗಿಳಿದು
ಲೆಕ್ಕ ತಪ್ಪಿತು.

ಮುಂದಿನ ವಾರ ಯಂತ್ರಕ್ಕೆ ಹತ್ತನೇ ಕೀ ಬಂತು: ರಜೆ ರದ್ದು.
'ಇದರಿಂದ ನಾವು ಏನು ನಿರ್ಧರಿಸಬೇಕು?'
ಹನಾನ್ ಕೇಳಿದರು. ನನ್ನಲ್ಲಿ ಸ್ಲೈಡು ಇರಲಿಲ್ಲ.
ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು
ವಾಪಸಾತಿಯ ಏಳು ದಿನವನ್ನು
ಅರವತ್ತು ಮಾಡಿ ಎಂದರು.
ಗಿರಾಕಿ ನಮ್ಮಲ್ಲೇ ಉಳಿಯುತ್ತಾನೆ, ಎಂದೂ ಸೇರಿಸಿದರು.
ಎರಡನೆಯದನ್ನು ಮಾತ್ರ ನಡಾವಳಿಯಲ್ಲಿ ಬರೆದುಕೊಂಡೆ.

ಜುಲೈಯಲ್ಲಿ ಹತ್ತನೇ ಕೀ ಮೂವತ್ತೊಂದು ಸಲ.
ಮೊದಲನೆಯದನ್ನು ತೆರೆದೆ:
ಸಂಜೆ ಏಳೂ ನಲವತ್ತು, ಗಾಢ ಕಪ್ಪು,
ಒಂದು ದಿನಾರು ಇನ್ನೂರು ಫಿಲ್ಸು.

ಬೆಂದಿದೆ, ಅಮ್ಮಾ.
ಉಳಿದ ಮೂವತ್ತು ಇನ್ನೂ ತೆರೆದಿಲ್ಲ.